ನೀರು ಎತ್ತಲು ಸರ್ಕಾರದ ಅನುಮತಿ: ಯಾವ ದಾರಿ ಯಾರಿಗೆ ಸರಿ?

ತೋಟಕ್ಕೋ, ಕಾರ್ಖಾನೆಗೋ, ಒಂದಿಡೀ ಬಡಾವಣೆಗೋ ಹೊಳೆಯಿಂದ ಅಥವಾ ಬೋರ್‌ವೆಲ್‌ನಿಂದ ನೀರು ಎತ್ತಬೇಕು ಅಂದರೆ ಬಹಳಷ್ಟು ದೇಶಗಳಲ್ಲಿ ಸರ್ಕಾರದ ಅನುಮತಿ ಬೇಕು. ಆದರೆ ಅನುಮತಿ ಅನ್ನೋದು ಒಂದೇ ಬಗೆಯದಲ್ಲ. ಕೆಲವರಿಗೆ ಯಾವ ಕಾಗದವೂ ಬೇಡ. ಕೆಲವರು ಹೆಸರು ನೋಂದಾಯಿಸಿದರೆ ಸಾಕು. ಇನ್ನು ಕೆಲವರು ಪೂರ್ತಿ ಲೈಸೆನ್ಸ್ ಪಡೆಯಬೇಕು, ಜೊತೆಗೆ ನೀರು ಉಳಿಸುವ ಯೋಜನೆಯನ್ನೂ ಬರೆದು ಕೊಡಬೇಕು. ಇವುಗಳಲ್ಲಿ ಯಾವುದನ್ನು ಆರಿಸಿದಿರಿ ಅನ್ನೋದು ಮಳೆ ಚೆನ್ನಾಗಿ ಬಂದ ವರ್ಷ ಗೊತ್ತೇ ಆಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ಯಾರ ಪಂಪು ಓಡುತ್ತದೆ, ಯಾರದು ನಿಲ್ಲುತ್ತದೆ ಅನ್ನೋದನ್ನು ಅದೇ ತೀರ್ಮಾನಿಸುತ್ತದೆ.

ಬಹಳ ಜನ ಅರ್ಜಿಯನ್ನು ಮೊದಲು ತುಂಬಿ, ಉಳಿತಾಯದ ಯೋಜನೆಯನ್ನು ಕೊನೆಗೆ ಲಗತ್ತಿಸುತ್ತಾರೆ. ನನ್ನ ಪ್ರಕಾರ ಈ ಕ್ರಮವೇ ತಿರುಗಬೇಕು. ಯೋಜನೆ ಮೊದಲು, ಅರ್ಜಿ ಆಮೇಲೆ. ಎಷ್ಟು ಉಳಿಸಬಹುದು ಅಂತ ಗೊತ್ತಾದ ಮೇಲೆ ಎಷ್ಟು ಬೇಕು ಅನ್ನೋದು ಬದಲಾಗುತ್ತದೆ. ಎಷ್ಟು ಬೇಕು ಅನ್ನೋದು ಬದಲಾದರೆ ಯಾವ ಅನುಮತಿ ಬೇಕು ಅನ್ನೋದೂ ಬದಲಾಗಬಹುದು.

ಒಂದು ಎಕರೆಯ ಲೆಕ್ಕ

ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಸೆಕೆಯ ತಿಂಗಳಲ್ಲಿ ಬೆಳೆಗೆ ದಿನಕ್ಕೆ 5 ಮಿ.ಮೀ. ನೀರು ಬೇಕು ಅಂತ ಇಟ್ಟುಕೊಳ್ಳಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ನೀರು ನಿಂತರೆ ಅದು ಒಂದು ಲೀಟರ್. ಹಾಗಾಗಿ ಬೆಳೆಯ ಬೇರಿಗೆ ತಲುಪಬೇಕಾದ್ದು ದಿನಕ್ಕೆ ಸುಮಾರು 20,000 ಲೀಟರ್, ಅಂದರೆ 20 ಘನ ಮೀಟರ್.

ಆದರೆ ಎತ್ತಿದ ನೀರೆಲ್ಲ ಬೇರಿಗೆ ತಲುಪುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅಂದಾಜಿಗೆ ಬಳಸುವ ಪ್ರಮಾಣ ಹೀಗಿದೆ: ಹೊಲಕ್ಕೆ ನೀರು ಹಾಯಿಸಿದರೆ ಶೇ. 60, ತುಂತುರು ನೀರಾವರಿಯಾದರೆ ಶೇ. 75, ಹನಿ ನೀರಾವರಿಯಾದರೆ ಶೇ. 90. ಅಂದರೆ ಅದೇ ಎಕರೆಗೆ ಹಾಯಿ ನೀರಿನಲ್ಲಿ ದಿನಕ್ಕೆ 33,700 ಲೀಟರ್ ಎತ್ತಬೇಕು. ತುಂತುರಿನಲ್ಲಿ 27,000. ಹನಿಯಲ್ಲಿ 22,500.

ಈಗ ಇಂಗ್ಲೆಂಡಿನ ನಿಯಮ ನೋಡಿ. ಅಲ್ಲಿ ದಿನಕ್ಕೆ 20 ಘನ ಮೀಟರ್‌ಗಿಂತ ಜಾಸ್ತಿ ಎತ್ತುವವರಿಗೆ ಲೈಸೆನ್ಸ್ ಬೇಕು. ಹಾಯಿ ನೀರಿನ ರೈತ ಆ ಗೆರೆಯನ್ನು ಎಷ್ಟೋ ದೂರ ದಾಟಿರುತ್ತಾನೆ. ಹನಿ ನೀರಾವರಿಯ ರೈತ ಗೆರೆಯ ಪಕ್ಕದಲ್ಲೇ ಇರುತ್ತಾನೆ. ಛಾವಣಿಯ ಮಳೆನೀರನ್ನು ಹಿಡಿದಿಟ್ಟು ದಿನಕ್ಕೆ 2,500 ಲೀಟರ್ ಹೊಂದಿಸಿಕೊಂಡರೆ ಗೆರೆಯೊಳಗೇ ಉಳಿಯುತ್ತಾನೆ. ಮಳೆಯಿಲ್ಲದ ಒಂದು ತಿಂಗಳಿಗೆ 75,000 ಲೀಟರ್ ಸಂಗ್ರಹ ಬೇಕು ಅಂತಾಯಿತು. ಆ ತೊಟ್ಟಿಯ ಖರ್ಚು ಜಾಸ್ತಿಯೋ, ಲೈಸೆನ್ಸಿನ ಖರ್ಚು, ಕಾಯುವ ಕಾಲ ಜಾಸ್ತಿಯೋ? ಆಯ್ಕೆ ನಿಜವಾಗಿ ಶುರುವಾಗೋದು ಇಲ್ಲಿಂದ.

ವರ್ಷದ ಸರಾಸರಿ ಹಿಡಿದು ಲೆಕ್ಕ ಹಾಕಬೇಡಿ. ಅತಿ ಒಣಗಿದ ತಿಂಗಳ, ಅತಿ ಹೆಚ್ಚು ಬೇಕಾಗುವ ದಿನದ ಅಂಕಿ ಹಿಡಿಯಿರಿ. ಲೈಸೆನ್ಸಿನಲ್ಲಿ ದಿನದ ಮಿತಿ, ವರ್ಷದ ಮಿತಿ ಎರಡೂ ಇರಬಹುದು. ವರ್ಷದ ಮಿತಿಯೊಳಗೆ ಇದ್ದೂ ಒಂದು ದಿನ ಮಿತಿ ಮೀರಿದರೆ ಅದೂ ಉಲ್ಲಂಘನೆಯೇ.

ಹೊಸಬರಿಗೆ ಕೊಡಲು ನೀರು ಉಳಿದಿದೆಯೇ?

ಆಯ್ಕೆಗಳನ್ನು ಹೋಲಿಸುವ ಮೊದಲು ಇದನ್ನು ತಿಳಿದುಕೊಳ್ಳಿ. ನಿಮ್ಮ ನದಿಯಲ್ಲಿ, ನಿಮ್ಮ ಅಂತರ್ಜಲದಲ್ಲಿ ಹೊಸ ಪಾಲು ಇಲ್ಲದಿದ್ದರೆ ಅರ್ಧದಷ್ಟು ದಾರಿಗಳು ಆಗಲೇ ಮುಚ್ಚಿರುತ್ತವೆ.

ಭಾರತದಲ್ಲಿ ಅಂತರ್ಜಲವನ್ನು ನಾಲ್ಕು ವರ್ಗ ಮಾಡಿದ್ದಾರೆ. ವರ್ಷಕ್ಕೆ ತೆಗೆಯಬಹುದಾದ ನೀರಿನಲ್ಲಿ ಶೇ. 70ರವರೆಗೆ ತೆಗೆಯುತ್ತಿದ್ದರೆ ಸುರಕ್ಷಿತ, 70ರಿಂದ 90 ಆದರೆ ಅರೆ ಗಂಭೀರ, 90ರಿಂದ 100 ಆದರೆ ಗಂಭೀರ, 100 ದಾಟಿದರೆ ಅತಿ ಬಳಕೆಯ ಪ್ರದೇಶ. ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಮಾರ್ಗಸೂಚಿಯಂತೆ ಅತಿ ಬಳಕೆಯ ಪ್ರದೇಶದಲ್ಲಿ ಹೊಸ ಬಾಟಲಿ ನೀರಿನ ಘಟಕಕ್ಕೆ ಅನುಮತಿ ಇಲ್ಲ. ಸ್ವಂತ ಅಂತರ್ಜಲ ಪ್ರಾಧಿಕಾರ ಇರುವ ರಾಜ್ಯಗಳಲ್ಲಿ ಆ ರಾಜ್ಯದ ನಿಯಮವನ್ನೇ ಮೊದಲು ನೋಡಬೇಕು.

ಆಸ್ಟ್ರೇಲಿಯಾದ ಮರ್ರೆ ಡಾರ್ಲಿಂಗ್ ನದಿ ಕಣಿವೆಯಲ್ಲಿ 1995ರಲ್ಲೇ ಒಟ್ಟು ಬಳಕೆಗೆ ಮಿತಿ ಹಾಕಿದರು. ಅಲ್ಲಿ ನದಿಯ ನೀರು ಬೇಕಾದ ಹೊಸಬ ಸಾಮಾನ್ಯವಾಗಿ ಇನ್ನೊಬ್ಬರ ಹಕ್ಕನ್ನು ಕೊಂಡುಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಪರಿಸರ ಸಂಸ್ಥೆ ಪ್ರತಿ ನದಿ ಕಣಿವೆಗೂ ಎಲ್ಲಿ ನೀರು ಉಳಿದಿದೆ, ಎಲ್ಲಿ ಇಲ್ಲ ಅಂತ ಪ್ರಕಟಿಸುತ್ತದೆ. ಇಂಥ ಕಾಗದ ನಿಮ್ಮ ಭಾಗಕ್ಕೂ ಇದ್ದರೆ ಜಮೀನು ಕೊಳ್ಳುವ ಮೊದಲೇ ಓದಿ. ಜಮೀನು ಕೊಂಡ ಮೇಲೆ ಓದಿ ಪ್ರಯೋಜನ ಏನು?

ವಿನಾಯಿತಿ ಅಥವಾ ಸಾಮಾನ್ಯ ಅನುಮತಿ

ಸಣ್ಣ ಬಳಕೆಗೆ ಹಲವು ಕಡೆ ವಿನಾಯಿತಿ ಇದೆ. ಭಾರತದ 2020ರ ಮಾರ್ಗಸೂಚಿಯಲ್ಲಿ ಮನೆಬಳಕೆ, ಕೃಷಿ, ದಿನಕ್ಕೆ 10 ಘನ ಮೀಟರ್‌ಗಿಂತ ಕಡಿಮೆ ಎತ್ತುವ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ನಿರಾಕ್ಷೇಪಣಾ ಪತ್ರ ಬೇಡ. ದಕ್ಷಿಣ ಆಫ್ರಿಕಾದ 1998ರ ರಾಷ್ಟ್ರೀಯ ಜಲ ಕಾಯ್ದೆಯಲ್ಲಿ ಮನೆ, ಮಾರಾಟಕ್ಕಲ್ಲದ ಸಣ್ಣ ಕೈತೋಟ, ಜಾನುವಾರುಗಳಿಗೆ ಲೈಸೆನ್ಸ್ ಇಲ್ಲದೆ ನೀರು ಬಳಸಬಹುದು.

ಕಾಗದದ ಕೆಲಸ ಇಲ್ಲದಿರುವುದು ದೊಡ್ಡ ಅನುಕೂಲವೇ. ಆದರೆ ನೀವು ಎಷ್ಟು ಬಳಸುತ್ತಿದ್ದೀರಿ ಅನ್ನೋದು ಯಾವ ದಾಖಲೆಯಲ್ಲೂ ಇಲ್ಲದೆ ಹೋಗಬಹುದು. ನಾಳೆ ಪಕ್ಕದಲ್ಲೇ ದೊಡ್ಡ ಕಂಪನಿ ಅರ್ಜಿ ಹಾಕಿದಾಗ ಅಧಿಕಾರಿಯ ನಕ್ಷೆಯಲ್ಲಿ ನಿಮ್ಮ ಬಾವಿಯೇ ಕಾಣದೆ ಇರಬಹುದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮನೆ ಬಾವಿಗೆ ಲೈಸೆನ್ಸ್ ಬೇಡ. ಆದರೂ ಉಚಿತವಾಗಿ ನೋಂದಾಯಿಸಿಕೊಳ್ಳಿ ಅಂತ ಸರ್ಕಾರವೇ ಹೇಳುತ್ತದೆ, ಇದೇ ಕಾರಣಕ್ಕೆ. ವಿನಾಯಿತಿ ಇದ್ದರೂ ನೋಂದಣಿಗೆ ಅವಕಾಶ ಸಿಕ್ಕರೆ ಬಿಡಬೇಡಿ.

ಒಂದೇ ಕಾರ್ಖಾನೆಯ ಬಳಕೆಯನ್ನು ನಾಲ್ಕು ಬೋರ್‌ವೆಲ್‌ಗೆ ಹಂಚಿ, ಪ್ರತಿಯೊಂದೂ ಮಿತಿಯೊಳಗಿದೆ ಅಂತ ತೋರಿಸುವವರಿದ್ದಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಪರಿಶೀಲನೆಗೆ ಬಂದವರು ಎಲ್ಲವನ್ನೂ ಕೂಡಿಸಿಯೇ ನೋಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ನಾಲ್ಕು ಬೋರ್‌ವೆಲ್ ಇದ್ದರೂ ಕೆಳಗಿನ ನೀರು ಒಂದೇ. ಪಕ್ಕದ ಮನೆಯ ಬಾವಿ ಬತ್ತುವುದು ತಪ್ಪುವುದಿಲ್ಲ.

ವಿನಾಯಿತಿಗೂ ಲೈಸೆನ್ಸಿಗೂ ನಡುವೆ ಇರೋದು ಸಾಮಾನ್ಯ ಅನುಮತಿ. ದಕ್ಷಿಣ ಆಫ್ರಿಕಾದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಯಾವ ಪ್ರದೇಶದಲ್ಲಿ ಎಷ್ಟರವರೆಗೆ ಬಳಸಬಹುದು ಅಂತ ಸರ್ಕಾರ ಗೆಜೆಟ್‌ನಲ್ಲಿ ಮೊದಲೇ ಪ್ರಕಟಿಸುತ್ತದೆ. ಅದರೊಳಗೆ ಬರುವವರಿಗೆ ಬೇರೆ ಲೈಸೆನ್ಸ್ ಬೇಕಿಲ್ಲ, ಷರತ್ತು ಪಾಲಿಸಿದರೆ ಸಾಕು. ಮಧ್ಯಮ ಪ್ರಮಾಣದ ತೋಟ, ಸಣ್ಣ ಘಟಕಗಳಿಗೆ ನಾನು ಮೊದಲು ನೋಡಲು ಹೇಳೋದು ಇದನ್ನೇ. ಬೇಗ ಆಗುತ್ತದೆ, ಖರ್ಚು ಕಡಿಮೆ. ಆದರೆ ಸರ್ಕಾರ ಗೆಜೆಟ್ ಬದಲಿಸಿದರೆ ನಿಮ್ಮ ಮಿತಿಯೂ ಬದಲಾಗುತ್ತದೆ. ಮೂವತ್ತು ವರ್ಷದ ಸಾಲ ಮಾಡಿ ಕಟ್ಟುವ ಕಾರ್ಖಾನೆಯನ್ನು ಇದರ ಮೇಲೆ ನಿಲ್ಲಿಸಬಾರದು.

ಪೂರ್ತಿ ಲೈಸೆನ್ಸ್: ಪ್ರಮಾಣಕ್ಕಿಂತ ಭರವಸೆ ಮುಖ್ಯ

ಲೈಸೆನ್ಸ್ ಅಂದ ತಕ್ಷಣ ಎಲ್ಲರೂ ನೋಡೋದು ಎಷ್ಟು ಲೀಟರ್, ಎಷ್ಟು ವರ್ಷ ಅಂತ. ಅವಧಿ ದೇಶದಿಂದ ದೇಶಕ್ಕೆ ಬೇರೆ. ದಕ್ಷಿಣ ಆಫ್ರಿಕಾದಲ್ಲಿ ಗರಿಷ್ಠ 40 ವರ್ಷ, ಆದರೆ ಐದು ವರ್ಷಕ್ಕೊಮ್ಮೆಯಾದರೂ ಮರುಪರಿಶೀಲನೆ ಆಗಬೇಕು. ನ್ಯೂಜಿಲೆಂಡಿನಲ್ಲಿ ಗರಿಷ್ಠ 35. ಇಂಗ್ಲೆಂಡಿನ ಹೊಸ ಲೈಸೆನ್ಸ್‌ಗಳು ಸಾಮಾನ್ಯವಾಗಿ 12 ವರ್ಷದ ಸುತ್ತಮುತ್ತ. ಉದ್ದದ ಅವಧಿ ಒಳ್ಳೆಯದೇ. ಆದರೆ ನಡುವೆ ಪರಿಶೀಲನೆ ಇದ್ದರೆ 40 ಅನ್ನೋ ಅಂಕಿಯನ್ನು ಪೂರ್ತಿ ನಂಬಿ ಕೂರುವ ಹಾಗಿಲ್ಲ.

ನಾನು ಇದಕ್ಕಿಂತ ಜಾಸ್ತಿ ತೂಕ ಕೊಡೋದು ಬರದ ವರ್ಷದ ಷರತ್ತಿಗೆ. ನೀರು ಕಡಿಮೆಯಾದಾಗ ಯಾರಿಗೆ ಎಷ್ಟು ಅನ್ನೋದನ್ನು ಬೇರೆ ಬೇರೆ ಕಡೆ ಬೇರೆ ಬೇರೆ ರೀತಿ ತೀರ್ಮಾನಿಸುತ್ತಾರೆ.

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ, ಬ್ರಿಟಿಷ್ ಕೊಲಂಬಿಯಾದಲ್ಲಿ ಮೊದಲು ಬಂದವರಿಗೆ ಮೊದಲ ಹಕ್ಕು. ಹಳೆಯ ತಾರೀಖಿನವರಿಗೆ ಪೂರ್ತಿ ಸಿಕ್ಕ ಮೇಲೆ ಉಳಿದರೆ ಮಾತ್ರ ಹೊಸಬರಿಗೆ. ಇಲ್ಲಿ ತಾರೀಖೇ ಆಸ್ತಿ. ಬ್ರಿಟಿಷ್ ಕೊಲಂಬಿಯಾ 2016ರ ಫೆಬ್ರವರಿ 29ರಿಂದ ಅಂತರ್ಜಲಕ್ಕೂ ಲೈಸೆನ್ಸ್ ಕಡ್ಡಾಯ ಮಾಡಿತು. ಮನೆಬಳಕೆ ಬಿಟ್ಟು ಬೇರೆ ಕೆಲಸಕ್ಕೆ ಮೊದಲಿಂದ ಬಾವಿ ಬಳಸುತ್ತಿದ್ದವರು 2022ರ ಮಾರ್ಚ್ 1ರೊಳಗೆ ಅರ್ಜಿ ಹಾಕಿದರೆ ಹಳೆಯ ತಾರೀಖು ಉಳಿಯುತ್ತಿತ್ತು. ಹಾಕದೆ ಇದ್ದವರು ಎಷ್ಟು ದಶಕದಿಂದ ಬಳಸಿದ್ದರೂ ಹೊಸ ಅರ್ಜಿದಾರರಾದರು. ನಿಮ್ಮ ಕಡೆಯೂ ಹಳೆ ಬಳಕೆದಾರರಿಗೆ ಇಂಥ ಗಡುವು ಇದ್ದರೆ ಬೇರೆ ಕೆಲಸ ಬದಿಗಿಟ್ಟು ಮೊದಲು ಅರ್ಜಿ ಹಾಕಿ.

ಇಂಗ್ಲೆಂಡಿನಲ್ಲಿ ಇನ್ನೊಂದು ಬಗೆಯ ಷರತ್ತು ಇದೆ. ನದಿಯ ಹರಿವು ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿಳಿದರೆ ಪಂಪು ನಿಲ್ಲಿಸಲೇಬೇಕು ಅಂತ ಲೈಸೆನ್ಸಿನಲ್ಲೇ ಬರೆದಿರುತ್ತಾರೆ. ಅಂಥ ಲೈಸೆನ್ಸ್ ಬಂದರೆ ಕೇಳಬೇಕಾದ್ದು: ಕಳೆದ ಹತ್ತು ಇಪ್ಪತ್ತು ವರ್ಷಗಳಲ್ಲಿ ಹರಿವು ಎಷ್ಟು ದಿನ ಆ ಮಟ್ಟಕ್ಕಿಂತ ಕೆಳಗಿತ್ತು? ಯಾವ ತಿಂಗಳಲ್ಲಿ? ಬೆಳೆ ಹೂ ಬಿಡುವ ತಿಂಗಳಲ್ಲೇ ಪಂಪು ನಿಲ್ಲುವುದಾದರೆ ಆ ಲೈಸೆನ್ಸಿನ ಜೊತೆಗೆ ಮಳೆಗಾಲದಲ್ಲಿ ತುಂಬಿಸುವ ಕೆರೆಯೂ ಬೇಕು.

ಆಸ್ಟ್ರೇಲಿಯಾದವರು ಹಕ್ಕನ್ನೂ ಆ ವರ್ಷ ಸಿಗುವ ನೀರನ್ನೂ ಬೇರೆ ಮಾಡಿದ್ದಾರೆ. ಹಕ್ಕು ಶೇರಿನ ಹಾಗೆ, ವರ್ಷದ ನೀರು ಅದರ ಮೇಲಿನ ಡಿವಿಡೆಂಡಿನ ಹಾಗೆ. ಜುಲೈ 1ರಿಂದ ಶುರುವಾಗುವ ನೀರಿನ ವರ್ಷದಲ್ಲಿ ಜಲಾಶಯ ನೋಡಿಕೊಂಡು ಈ ಸಲ ಶೇಕಡಾ ಇಷ್ಟು ಅಂತ ಪ್ರಕಟಿಸುತ್ತಾರೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಹೆಚ್ಚು ಭದ್ರತೆಯ ಹಕ್ಕು, ಸಾಮಾನ್ಯ ಭದ್ರತೆಯ ಹಕ್ಕು ಅಂತ ಎರಡಿವೆ. ಬರ ಬಂದಾಗ ಮೊದಲನೆಯದಕ್ಕೆ ಮೊದಲು ನೀರು. ಎರಡನೆಯದಕ್ಕೆ ಕೆಲವೊಮ್ಮೆ ಸೊನ್ನೆಯೂ ಬರುತ್ತದೆ.

ಹಾಗಾದರೆ ಯಾವುದು ಒಳ್ಳೆಯದು? ನೀವು ಏನು ಬೆಳೆಯುತ್ತೀರಿ ಅನ್ನೋದರ ಮೇಲೆ. ಹಣ್ಣಿನ ಮರ, ದ್ರಾಕ್ಷಿ ಇರುವವರಿಗೆ ಒಂದು ವರ್ಷ ನೀರು ತಪ್ಪಿದರೆ ಹತ್ತು ವರ್ಷದ ದುಡಿಮೆ ಒಣಗುತ್ತದೆ. ಅವರಿಗೆ ಕಡಿಮೆ ಪ್ರಮಾಣವಾದರೂ ಭದ್ರತೆಯ ಹಕ್ಕೇ ಸರಿ. ಭತ್ತ, ಹತ್ತಿ ಬೆಳೆಯುವವರು ನೀರಿಲ್ಲದ ವರ್ಷ ಬಿತ್ತದೆ ಬಿಡಬಹುದು. ಅವರಿಗೆ ಸಾಮಾನ್ಯ ಹಕ್ಕು ಸಾಕು. ಊರಿಗೆ ಕುಡಿಯುವ ನೀರು ಕೊಡುವವರು ಭರವಸೆಯ ವಿಷಯದಲ್ಲಿ ಚೌಕಾಸಿ ಮಾಡಲೇಬಾರದು. ದಕ್ಷಿಣ ಆಫ್ರಿಕಾದ ಕಾನೂನು ಜನರ ಮೂಲಭೂತ ಅಗತ್ಯಕ್ಕೂ ನದಿಯ ಜೀವಕ್ಕೂ ಬೇಕಾದ ನೀರನ್ನು ಮೊದಲೇ ತೆಗೆದಿಟ್ಟು, ಉಳಿದದ್ದನ್ನು ಮಾತ್ರ ಹಂಚುತ್ತದೆ. ನಾನು ಓದಿರುವ ಜಲ ಕಾನೂನುಗಳಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದು.

ಕೆಲವೇ ದಿನದ ಕೆಲಸಕ್ಕೆ, ಉದಾಹರಣೆಗೆ ಕಟ್ಟಡದ ಪಾಯ ತೋಡುವಾಗ ಬರುವ ನೀರು ಹೊರಹಾಕಲು, ಪೂರ್ತಿ ಲೈಸೆನ್ಸ್ ಬೇಕಾಗದೆ ಇರಬಹುದು. ಇಂಗ್ಲೆಂಡಿನಲ್ಲಿ 28 ದಿನಕ್ಕಿಂತ ಕಡಿಮೆ ಅವಧಿಗೆ ತಾತ್ಕಾಲಿಕ ಲೈಸೆನ್ಸ್ ಇದೆ. ಕೇಳಿ ನೋಡಿ.

ಕೊಂಡುಕೊಳ್ಳುವುದು, ಪಡೆದುಕೊಳ್ಳುವುದು

ಹೊಸ ಲೈಸೆನ್ಸ್ ಸಿಗದ ಕಡೆ ಇನ್ನೊಬ್ಬರ ಹಕ್ಕು ಕೊಳ್ಳಬಹುದು, ಕಾನೂನು ಒಪ್ಪಿದರೆ. ಆಸ್ಟ್ರೇಲಿಯಾದಲ್ಲಿ ಹಕ್ಕನ್ನು ಶಾಶ್ವತವಾಗಿಯೂ ಕೊಳ್ಳಬಹುದು, ಆ ವರ್ಷದ ನೀರನ್ನು ಮಾತ್ರವೂ ಕೊಳ್ಳಬಹುದು. ಒಂದು ಬೆಳೆ ಉಳಿಸಿಕೊಳ್ಳಲು ವರ್ಷದ ನೀರು ಸಾಕು. ಆದರೆ ಪ್ರತಿ ವರ್ಷ ಹಾಗೇ ಕೊಳ್ಳುತ್ತೇನೆ ಅಂತ ಮರ ನೆಡಬೇಡಿ. ಬರ ಬಂದಾಗ ಎಲ್ಲರೂ ಒಟ್ಟಿಗೆ ಕೊಳ್ಳಲು ನಿಲ್ಲುತ್ತಾರೆ, ಬೆಲೆ ಏರುತ್ತದೆ. ಒಂದು ವಲಯದ ನೀರನ್ನು ಇನ್ನೊಂದು ವಲಯಕ್ಕೆ ತರಲು ಬಿಡುತ್ತಾರೋ ಇಲ್ಲವೋ ಅನ್ನೋದನ್ನೂ ಹಣ ಕೊಡುವ ಮೊದಲೇ ವಿಚಾರಿಸಬೇಕು.

ಕಾರ್ಖಾನೆಯವರು ಸಂಸ್ಕರಿಸಿದ ನೀರನ್ನು ಮೊದಲ ಆಯ್ಕೆಯಾಗಿಯೇ ನೋಡಲಿ ಅನ್ನೋದು ನನ್ನ ಆಸೆ. ಮಳೆ ಬರಲಿ ಬಿಡಲಿ ನಗರದ ಕೊಳಚೆ ನೀರು ದಿನವೂ ಬರುತ್ತದೆ. ನಮೀಬಿಯಾದ ವಿಂಡ್‌ಹೋಕ್ ನಗರ 1968ರಿಂದ ಅದನ್ನು ಶುದ್ಧಮಾಡಿ ಕುಡಿಯುವ ನೀರಿಗೇ ಸೇರಿಸುತ್ತಿದೆ. ಹಾಗಿರುವಾಗ ಯಂತ್ರ ತಣಿಸಲು, ನೆಲ ತೊಳೆಯಲು ಅಂತರ್ಜಲವೇ ಬೇಕು ಅನ್ನೋದಕ್ಕೆ ಕಾರಣ ಇಲ್ಲ.

ಉಳಿತಾಯದ ಯೋಜನೆ: ಯಾವ ಮಾದರಿ ಒಳ್ಳೆಯದು?

ಟೆಕ್ಸಾಸ್‌ನಲ್ಲಿ ಹೊಸ ನೀರಿನ ಹಕ್ಕಿಗೆ ಅರ್ಜಿ ಹಾಕುವವರು ಉಳಿತಾಯದ ಯೋಜನೆಯನ್ನೂ ಕೊಡಬೇಕು. ವರ್ಷಕ್ಕೆ 1,000 ಎಕರೆ ಅಡಿ ಅಥವಾ ಅದಕ್ಕಿಂತ ಹೆಚ್ಚು ಹಕ್ಕಿರುವ ನಗರ, ಕೈಗಾರಿಕೆಗಳಿಗೂ 10,000 ಎಕರೆ ಅಡಿ ಅಥವಾ ಅದಕ್ಕಿಂತ ಹೆಚ್ಚಿರುವ ನೀರಾವರಿದಾರರಿಗೂ ಇದು ಕಡ್ಡಾಯ. ಒಂದು ಎಕರೆ ಅಡಿ ಅಂದರೆ ಸುಮಾರು 12.3 ಲಕ್ಷ ಲೀಟರ್. ಯೋಜನೆಯಲ್ಲಿ ಐದು ವರ್ಷಕ್ಕೆ ಎಷ್ಟು, ಹತ್ತು ವರ್ಷಕ್ಕೆ ಎಷ್ಟು ಉಳಿಸುತ್ತೇವೆ ಅಂತ ಅಂಕಿಯಲ್ಲೇ ಬರೆಯಬೇಕು. ಐದು ವರ್ಷಕ್ಕೊಮ್ಮೆ ಹೊಸದಾಗಿ ಬರೆಯಬೇಕು.

ಭಾರತದ ಮಾರ್ಗಸೂಚಿ ಲೆಕ್ಕಪರಿಶೋಧನೆಯ ದಾರಿ ಹಿಡಿದಿದೆ. ದಿನಕ್ಕೆ 100 ಘನ ಮೀಟರ್‌ಗಿಂತ ಜಾಸ್ತಿ ಅಂತರ್ಜಲ ಎತ್ತುವ ಕೈಗಾರಿಕೆ ಪ್ರತಿ ವರ್ಷ ನೀರಿನ ಆಡಿಟ್ ಮಾಡಿಸಬೇಕು, ಮೂರು ವರ್ಷದಲ್ಲಿ ಬಳಕೆಯನ್ನು ಕನಿಷ್ಠ ಶೇ. 20 ಇಳಿಸಬೇಕು. ಇಂಗ್ಲೆಂಡಿನ ನೀರು ಸರಬರಾಜು ಕಂಪನಿಗಳದು ದೂರದ ನೋಟ: ಐದು ವರ್ಷಕ್ಕೊಮ್ಮೆ ಯೋಜನೆ, ಅದು ನೋಡುವುದು ಕನಿಷ್ಠ 25 ವರ್ಷ ಮುಂದಕ್ಕೆ.

ನಗರ, ಬಡಾವಣೆಗಳಿಗೆ ಟೆಕ್ಸಾಸ್ ಮಾದರಿ ಹೊಂದುತ್ತದೆ. ಕಾರ್ಖಾನೆಗೆ ಆಡಿಟ್ ಮಾದರಿಯೇ ಮೇಲು. ಯಾಕೆಂದರೆ ಕಾರ್ಖಾನೆಯಲ್ಲಿ ನೀರು ಎಲ್ಲಿ ಹೋಗುತ್ತಿದೆ ಅನ್ನೋದು ಸುಮ್ನೆ ನೋಡಿದರೆ ಗೊತ್ತಾಗೋದಿಲ್ಲ. ಯಂತ್ರಗಳ ಬಿಸಿ ನೀರನ್ನು ತಣಿಸುವ ಕೂಲಿಂಗ್ ಟವರ್ ತೆಗೆದುಕೊಳ್ಳಿ. ಅಲ್ಲಿ ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಉಪ್ಪು ಹೆಚ್ಚುತ್ತದೆ, ಅದಕ್ಕೆ ಆಗಾಗ ಸ್ವಲ್ಪ ಹೊರಬಿಟ್ಟು ಹೊಸ ನೀರು ತುಂಬುತ್ತಾರೆ. ಉಪ್ಪು ಮೂರು ಪಟ್ಟು ಆದಾಗ ಹೊರಬಿಡುವ ಬದಲು ನೀರನ್ನು ಸರಿಯಾಗಿ ಸಂಸ್ಕರಿಸಿ ಆರು ಪಟ್ಟಿನವರೆಗೆ ಓಡಿಸಿದರೆ ತುಂಬಬೇಕಾದ ನೀರು ಐದನೇ ಒಂದು ಭಾಗ ಇಳಿಯುತ್ತದೆ. ಶೇ. 20ರ ಗುರಿಯ ದೊಡ್ಡ ಪಾಲು ಈ ಒಂದೇ ಬದಲಾವಣೆಯಿಂದ ಸಿಗಬಹುದು. ಆಡಿಟ್ ಮಾಡದೆ ಇದನ್ನು ಕಂಡುಕೊಳ್ಳುವುದು ಕಷ್ಟ, ಅಲ್ವಾ?

ಬಡಾವಣೆಯಾದರೆ ರಾತ್ರಿ ಎರಡು ಮೂರು ಗಂಟೆಗೆ ಮುಖ್ಯ ಮೀಟರ್ ನೋಡಿ. ಎಲ್ಲರೂ ಮಲಗಿರುವಾಗಲೂ ಮೀಟರ್ ಜೋರಾಗಿ ತಿರುಗುತ್ತಿದ್ದರೆ ಅದರಲ್ಲಿ ಬಹುಪಾಲು ಸೋರಿಕೆ. ಆ ಸೋರಿಕೆ ನಿಲ್ಲಿಸದೆ ಹೊಸ ಬೋರ್‌ವೆಲ್‌ಗೆ ಅರ್ಜಿ ಹಾಕುವುದು ನ್ಯಾಯವಲ್ಲ.

ರೈತರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಹಾಯಿ ನೀರಿನಲ್ಲಿ ಪೋಲಾಗುತ್ತದೆ ಅನ್ನುವ ನೀರಿನಲ್ಲಿ ಒಂದು ಪಾಲು ಮಣ್ಣಿಗಿಳಿದು ಅಂತರ್ಜಲಕ್ಕೋ ಹೊಳೆಗೋ ಸೇರುತ್ತದೆ, ಕೆಳಗಿನವರು ಅದನ್ನೇ ಬಳಸುತ್ತಿರುತ್ತಾರೆ. ಹನಿ ನೀರಾವರಿ ಹಾಕಿ, ಉಳಿದ ನೀರಿನಲ್ಲಿ ಇನ್ನಷ್ಟು ಜಮೀನಿನಲ್ಲಿ ಬೆಳೆದರೆ ನಿಮ್ಮ ಪಂಪು ಎತ್ತುವುದು ಅಷ್ಟೇ ಇರುತ್ತದೆ, ಆದರೆ ಕೆಳಗಿನವರಿಗೆ ಹೋಗುತ್ತಿದ್ದ ಪಾಲು ಕಡಿಮೆಯಾಗುತ್ತದೆ. ನಿಜವಾದ ಉಳಿತಾಯ ಅಂದರೆ ಪಂಪಿನ ಮೀಟರ್ ಇಳಿಯಬೇಕು. ಯೋಜನೆಯಲ್ಲಿ ಹನಿ ನೀರಾವರಿಯ ವಿಸ್ತೀರ್ಣ ಬರೆದರೆ ಸಾಲದು, ಎತ್ತುವ ನೀರಿನ ಇಳಿಕೆಯನ್ನೂ ಬರೆಯಿರಿ.

ಉಳಿಸಿದರೆ ಹಕ್ಕೇ ಹೋಗುತ್ತದೆ ಅನ್ನುವ ಭಯವೂ ಇದೆ, ಅದು ಸುಳ್ಳಲ್ಲ. ಟೆಕ್ಸಾಸ್‌ನಲ್ಲಿ ಹತ್ತು ವರ್ಷ ಬಳಸದ ಹಕ್ಕನ್ನು ಸರ್ಕಾರ ರದ್ದು ಮಾಡಬಹುದು. ಕ್ಯಾಲಿಫೋರ್ನಿಯಾ ಇದಕ್ಕೆ ಒಂದು ಪರಿಹಾರ ಕೊಟ್ಟಿದೆ: ಉಳಿತಾಯದ ಕ್ರಮದಿಂದ ಬಳಸದೆ ಬಿಟ್ಟ ನೀರನ್ನು ಬಳಸಿದ ನೀರೆಂದೇ ಎಣಿಸುತ್ತದೆ, ವರದಿ ಸಲ್ಲಿಸಿದ್ದರೆ. ಹಾಗಾಗಿ ಅರ್ಜಿ ಹಾಕುವ ಮೊದಲು ಕಚೇರಿಯಲ್ಲಿ ಕೇಳಿ: ಉಳಿಸಿದ ನೀರು ಯಾರ ಲೆಕ್ಕಕ್ಕೆ? ಅದನ್ನು ಸಾಬೀತು ಮಾಡಲು ಯಾವ ದಾಖಲೆ ಬೇಕು? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮೀಟರನ್ನು ಉಳಿತಾಯದ ಕ್ರಮ ಶುರುಮಾಡುವ ಮೊದಲೇ ಕೂರಿಸಿ. ಮೊದಲಿನ ಬಳಕೆಯ ಕನಿಷ್ಠ ಒಂದು ವರ್ಷದ ಅಂಕಿ ಕೈಯಲ್ಲಿ ಇಲ್ಲದಿದ್ದರೆ ಆಮೇಲೆ ಎಷ್ಟೇ ಉಳಿಸಿದರೂ ತೋರಿಸಲು ಆಗುವುದಿಲ್ಲ.